ಒಂದು ಸೆಂಟಿನ ಮುನ್ನೂರು ಮುಖ

ಜೋಸೆಫ್ ಮಿಕ್ಲಿ ಹುಟ್ಟಿದ್ದು 1799ರಲ್ಲಿ. ಮುಂದೆ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪಿಯಾನೊ ತಯಾರಕನಾಗಿ, ಪಿಟೀಲು ರಿಪೇರಿಯಲ್ಲಿ ಪಳಗಿದ ಕೈ ಎಂದು ಹೆಸರಾದ ವ್ಯಕ್ತಿ. ಹದಿನೇಳರ ಹರೆಯದಲ್ಲಿ ಆತನಿಗೊಂದು ಆಸೆ ಹುಟ್ಟಿತು. ತಾನು ಹುಟ್ಟಿದ ವರ್ಷದ ಒಂದು ತಾಮ್ರದ ಸೆಂಟ್ ನಾಣ್ಯ ತನ್ನ ಬಳಿ ಇರಬೇಕು ಎಂಬ ಸಣ್ಣ ಆಸೆ. ಆಗ ಸೆಂಟ್ ಎಂದರೆ ಅಂಗಡಿಯಲ್ಲಿ ಚಿಲ್ಲರೆಯಾಗಿ ಓಡಾಡುತ್ತಿದ್ದ ನಾಣ್ಯ. 1798ರದ್ದು ಕೇಳಿದಲ್ಲಿ ಸಿಗುತ್ತಿತ್ತು, 1800ರದ್ದೂ ಸಿಗುತ್ತಿತ್ತು. 1799ರದ್ದು ಮಾತ್ರ ಎಲ್ಲಿ ಹುಡುಕಿದರೂ ಇಲ್ಲ! ಆ ಹುಡುಕಾಟ ಆತನನ್ನು ಬಿಡಲಿಲ್ಲ. ಅಮೆರಿಕದ ನಾಣ್ಯ ಸಂಗ್ರಹದ ಪಿತಾಮಹ ಎಂದು ಇಂದು ಆತನನ್ನು ಕರೆಯುತ್ತಾರೆ.

ಟಂಕಸಾಲೆಯ ಲೆಕ್ಕದ ಪುಸ್ತಕ ತೆರೆದರೆ 1799ರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಸೆಂಟುಗಳು ಹೊರಬಿದ್ದಿವೆ. ಹಾಗಾದರೆ ಅವೆಲ್ಲ ಎಲ್ಲಿಗೆ ಹೋದವು? ತಜ್ಞರ ಉತ್ತರ ಸರಳವಾಗಿದೆ. ಅವುಗಳಲ್ಲಿ ಬಹುಪಾಲು 1798ರ ಅಚ್ಚುಗಳಿಂದಲೇ ಹೊಡೆದವು. ಆ ಕಾಲದಲ್ಲಿ ಉಕ್ಕಿನ ಅಚ್ಚು ದುಬಾರಿ ವಸ್ತು. ವರ್ಷ ಕಳೆಯಿತೆಂದು ಯಾರೂ ಅದನ್ನು ಎಸೆಯುತ್ತಿರಲಿಲ್ಲ, ಒಡೆಯುವವರೆಗೂ ಬಳಸುತ್ತಿದ್ದರು. ನಾಣ್ಯದ ಚರಿತ್ರೆಯನ್ನು ತಿಳಿಯಬೇಕಾದರೆ ಇಸವಿಯನ್ನಷ್ಟೇ ನೋಡಿದರೆ ಸಾಲದು, ಅಚ್ಚನ್ನು ನೋಡಬೇಕು. ಒಂದು ವಿಚಿತ್ರ ಹವ್ಯಾಸದ ಬೀಜ ಇಲ್ಲಿದೆ. ಹಳೆಯ ಅಮೆರಿಕನ್ ಸೆಂಟುಗಳ ‘ಅಚ್ಚುಭೇದ’ಗಳನ್ನು ಹುಡುಕಿ ಕೂಡಿಸುವ ಹವ್ಯಾಸ ಅದು.

ಕೈಯಲ್ಲಿ ಕೊರೆದ ಅಚ್ಚು

ಅಮೆರಿಕ ಸ್ವತಂತ್ರವಾದ ಮೇಲೆ 1792ರಲ್ಲಿ ಕಾನೂನು ಮಾಡಿ ಫಿಲಡೆಲ್ಫಿಯಾದಲ್ಲಿ ತನ್ನದೇ ಟಂಕಸಾಲೆ ಸ್ಥಾಪಿಸಿತು. ಮರುವರ್ಷ ಮಾರ್ಚ್‌ನಲ್ಲಿ ಮೊದಲ ಸೆಂಟುಗಳು ಚಲಾವಣೆಗೆ ಬಂದವು. ಡಾಲರಿನ ನೂರನೇ ಒಂದು ಭಾಗ, ಅಚ್ಚ ತಾಮ್ರ. ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ತುಸು ಹೆಚ್ಚು ಅಗಲ. ಮೊದಲಿಗೆ ತೂಕ 13 ಗ್ರಾಂ ಮೀರಿತ್ತು. ತಾಮ್ರದ ಬೆಲೆ ಏರಿದ್ದರಿಂದ 1795ರ ಕೊನೆಗೆ ಅದನ್ನು 11 ಗ್ರಾಂಗೆ ಹತ್ತಿರವಾಗುವಂತೆ ಇಳಿಸಿದರು. 1857ರವರೆಗೆ ನಡೆದ ಈ ನಾಣ್ಯಗಳಿಗೆ ಈಗ ‘ದೊಡ್ಡ ಸೆಂಟ್’ ಎಂದೇ ಹೆಸರು.

ಮೊದಲ ನಾಣ್ಯದ ಒಂದು ಬದಿಯಲ್ಲಿ ಕೂದಲು ಹಾರಾಡುವ ಸ್ವಾತಂತ್ರ್ಯ ದೇವಿ, ಇನ್ನೊಂದು ಬದಿಯಲ್ಲಿ 15 ರಾಜ್ಯಗಳ ಒಗ್ಗಟ್ಟನ್ನು ಸೂಚಿಸುವ 15 ಕೊಂಡಿಗಳ ಸರಪಳಿ. ಜನರಿಗೆ ಇದು ಹಿಡಿಸಲಿಲ್ಲ. ಗುಲಾಮಗಿರಿಯನ್ನು ನೆನಪಿಸುವ ಸರಪಳಿ ಸ್ವತಂತ್ರ ದೇಶದ ನಾಣ್ಯಕ್ಕೆ ಅಪಶಕುನ ಎಂದು ಪತ್ರಿಕೆಗಳು ಟೀಕಿಸಿದವು. 36,103 ನಾಣ್ಯ ಹೊಡೆಯುವಷ್ಟರಲ್ಲಿ ಸರಪಳಿ ಹೋಗಿ ಎಲೆಗಳ ಮಾಲೆ ಬಂತು. ಅದೇ ವರ್ಷ ಮೂರನೆಯ ವಿನ್ಯಾಸವೂ ಬಂತು. ಅದನ್ನು ರೂಪಿಸಿದ ಕಲಾವಿದ ಜೋಸೆಫ್ ರೈಟ್ ಆ ವರ್ಷವೇ ನಗರವನ್ನು ಕಾಡಿದ ಹಳದಿ ಜ್ವರಕ್ಕೆ ಬಲಿಯಾದ.

ಇಂದಿನ ಟಂಕಸಾಲೆಯಲ್ಲಿ ಒಂದೇ ಮೂಲದಿಂದ ಸಾವಿರಾರು ಅಚ್ಚುಗಳು ತದ್ರೂಪವಾಗಿ ತಯಾರಾಗುತ್ತವೆ. ಆಗ ಹಾಗಿರಲಿಲ್ಲ. ಒಂದೊಂದು ಅಕ್ಷರ, ಒಂದೊಂದು ಅಂಕಿ, ಒಂದೊಂದು ಎಲೆ, ಕಾಯಿ ಎಲ್ಲವನ್ನೂ ಕೆತ್ತನೆಗಾರ ಬೇರೆಬೇರೆ ಉಳಿಗಳಿಂದ ಉಕ್ಕಿನ ಮೇಲೆ ಬಡಿದು ಮೂಡಿಸಬೇಕಿತ್ತು. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಎಡ ಬಲವಾಗಬೇಕು. ಒಂದು ಅಚ್ಚಿನಲ್ಲಿ ಅಂಕಿ ವಾಲಿತು, ಮತ್ತೊಂದರಲ್ಲಿ ಎಲೆಯ ತುದಿ ಅಕ್ಷರಕ್ಕೆ ತಗುಲಿತು. ಉಕ್ಕನ್ನು ಹದ ಮಾಡುವ ವಿದ್ಯೆಯೂ ಇನ್ನೂ ಕೈಗೆ ಬಂದಿರಲಿಲ್ಲವಾಗಿ ಅಚ್ಚುಗಳು ಬೇಗ ಬಿರುಕು ಬಿಡುತ್ತಿದ್ದವು. ಮುಖದ ಅಚ್ಚು ಒಡೆದರೆ ಹಿಂಬದಿಯ ಅಚ್ಚಿಗೆ ಹೊಸ ಜೋಡಿ. ಹೀಗೆ ಕೂಡಿದ ಒಂದೊಂದು ಜೋಡಿಯೂ ಒಂದೊಂದು ಅಚ್ಚುಭೇದ. 1793ರಿಂದ 1814ರವರೆಗಿನ 22 ವರ್ಷಗಳಲ್ಲೇ ಇಂಥ ಮುನ್ನೂರಕ್ಕೂ ಹೆಚ್ಚು ಭೇದಗಳು ಪತ್ತೆಯಾಗಿವೆ.

ವೈದ್ಯರು ಇಟ್ಟ ಹೆಸರುಗಳು

ಈ ಭೇದಗಳ ಸುಗ್ಗಿ 1794ರ ವರ್ಷ. ಅದನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿ 1869ರಲ್ಲಿ ಪುಸ್ತಕ ಬರೆದವರು ಎಡ್ವರ್ಡ್ ಮಾರಿಸ್ ಎಂಬ ವೈದ್ಯರು. ಒಂದೊಂದು ಅಚ್ಚಿನಲ್ಲಿ ಮೂಡಿದ ದೇವಿಯ ಮುಖಭಾವ ನೋಡಿ ಅವರು ಅಡ್ಡಹೆಸರು ಕೊಟ್ಟರು. ಒಬ್ಬಳು ‘ಇಮ್ಮಡಿ ಗಲ್ಲದವಳು’, ಇನ್ನೊಬ್ಬಳು ‘ಬೆಡಗಿ’, ಮತ್ತೊಬ್ಬಳು ‘ಕಡಲ ವೀನಸ್’. ನೂರಾರು ರೋಗಿಗಳ ಮುಖ ನೋಡಿ ರೋಗ ಹೇಳುತ್ತಿದ್ದ ಕಣ್ಣಿಗೆ ತಾಮ್ರದ ಮುಖಗಳ ವ್ಯತ್ಯಾಸ ಹಿಡಿಯುವುದು ಕಷ್ಟವಾಗಲಿಲ್ಲವೇನೋ. ಸಂಗ್ರಹಕಾರರು ಇಂದಿಗೂ ಆ ಹೆಸರುಗಳನ್ನು ಬಳಸುತ್ತಾರೆ.

ಅದೇ 1794ರ ಒಂದು ನಾಣ್ಯದ ಹಿಂಬದಿಯ ಅಂಚಿನಲ್ಲಿ, ಹಲ್ಲುಗಳಂತಿರುವ ಗೆರೆಗಳ ನಡುವೆ, 94 ಪುಟಾಣಿ ನಕ್ಷತ್ರಗಳಿವೆ. ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕವು. ಇಸವಿಯ ಕೊನೆಯ ಎರಡು ಅಂಕಿಯೂ 94 ಆಗಿರುವುದು ಕಾಕತಾಳೀಯವೇ? ಕೆತ್ತನೆಗಾರನ ಕೈಬರಹದ ಟಿಪ್ಪಣಿಯಾಗಲಿ, ಟಂಕಸಾಲೆಯ ಆದೇಶವಾಗಲಿ ಈ ಬಗ್ಗೆ ಸಿಕ್ಕಿಲ್ಲ. ಅಂಥ ನಾಣ್ಯಗಳು ಉಳಿದಿರುವುದು ನೂರಕ್ಕಿಂತ ಕಡಿಮೆ.

ತಪ್ಪುಗಳಿಗಂತೂ ಬರವಿಲ್ಲ. ಮೊಟ್ಟಮೊದಲ ಸರಪಳಿ ಸೆಂಟಿನಲ್ಲಿ ಜಾಗ ಸಾಲದೆಂದೋ ಏನೋ ‘ಅಮೆರಿಕ’ ಎಂಬ ದೇಶದ ಹೆಸರನ್ನೇ ‘ಅಮೆರಿ’ ಎಂದು ಮೊಟಕು ಮಾಡಿ ಚುಕ್ಕೆ ಇಟ್ಟಿದ್ದಾರೆ. 1796ರ ಒಂದು ಅಚ್ಚಿನಲ್ಲಿ ಲಿಬರ್ಟಿ ಎಂಬ ಪದದ ‘ಬಿ’ ಅಕ್ಷರವನ್ನು ತಿರುಗಿಸಿ ಬಡಿದು, ಆಮೇಲೆ ಅದರ ಮೇಲೆಯೇ ಸರಿಪಡಿಸಿದ್ದರಿಂದ ಅದು ‘ಎಚ್’ನಂತೆ ಕಾಣುತ್ತದೆ. 1801ರ ಒಂದು ಅಚ್ಚಂತೂ ಮೂರು ತಪ್ಪುಗಳಿಗೆ ಪ್ರಸಿದ್ಧ: ಮಾಲೆಯ ಒಂದು ತೊಟ್ಟು ಮಾಯ, ‘ಯು’ ಅಕ್ಷರದ ಜಾಗದಲ್ಲಿ ಎರಡು ಕಂಬಗಳು, ನೂರನೇ ಒಂದು ಎಂದು ಬರೆಯಬೇಕಾದ ಭಿನ್ನರಾಶಿಯಲ್ಲಿ ಕೆಳಗೆ ಬರೀ ಮೂರು ಸೊನ್ನೆ! ಲೆಕ್ಕದ ಮೇಷ್ಟ್ರು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸಂಗ್ರಹಕಾರರು ಮಾತ್ರ ಇದಕ್ಕಾಗಿ ಹೆಚ್ಚು ಹಣ ಕೊಡುತ್ತಾರೆ.

ಎಂಟು ಮೆಟ್ಟಿಲ ಅಪರೂಪ

ಈ ಸಂತೆಗೆ ಒಂದು ಶಿಸ್ತು ತಂದವರು ವಿಲಿಯಂ ಶೆಲ್ಡನ್. ಅವರು ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ, ಅದಕ್ಕೂ ಸ್ವಭಾವಕ್ಕೂ ನಂಟು ಕಟ್ಟಿದವರು. ಆ ವಾದವನ್ನು ವಿಜ್ಞಾನಿಗಳು ಈಗ ಒಪ್ಪುವುದಿಲ್ಲ. ಆದರೆ 1949ರಲ್ಲಿ ಅವರು ಸೆಂಟುಗಳ ಬಗ್ಗೆ ಬರೆದ ಪುಸ್ತಕ ಮಾತ್ರ ಉಳಿಯಿತು. 1958ರಲ್ಲಿ ಅದು ಪರಿಷ್ಕೃತವಾಗಿ ‘ಪೆನ್ನಿ ವಿಮ್ಸಿ’ ಎಂಬ ಹೆಸರಿನಲ್ಲಿ ಬಂತು. 1814ರವರೆಗಿನ ಪ್ರತಿ ಭೇದಕ್ಕೂ ಅವರು ಕೊಟ್ಟ ಕ್ರಮಸಂಖ್ಯೆಯೇ ಇಂದಿಗೂ ಅದರ ವಿಳಾಸ.

ನಾಣ್ಯ ಎಷ್ಟು ಸವೆದಿದೆ ಎಂದು ಅಳೆಯಲು ಅವರು 1ರಿಂದ 70ರವರೆಗಿನ ಅಂಕಮಾನ ಮಾಡಿದರು. ಇದು ಯಾವುದು ಎಂದು ಗುರುತು ಹಿಡಿಯಲಷ್ಟೇ ಸಾಧ್ಯವಾದ ಸವಕಲು ನಾಣ್ಯಕ್ಕೆ 1, ಅಚ್ಚಿನಿಂದ ಈಗ ತಾನೇ ಬಿದ್ದಂತಿರುವುದಕ್ಕೆ 70. 1794ರ ಸೆಂಟುಗಳ ಅಂದಿನ ಬೆಲೆಗೆ ಹೊಂದಿಸಿದ ಲೆಕ್ಕವದು: 70ರ ನಾಣ್ಯ 1ರ ನಾಣ್ಯಕ್ಕಿಂತ ಎಪ್ಪತ್ತು ಪಟ್ಟು ಬೆಲೆಬಾಳಬೇಕು. ಬೆಲೆಯ ಲೆಕ್ಕ ಬೇಗ ತಪ್ಪಿತು. ಅಂಕಮಾನ ಮಾತ್ರ ಎಲ್ಲ ನಾಣ್ಯಗಳಿಗೂ ಹಬ್ಬಿತು.

ಅಪರೂಪವನ್ನು ಅಳೆಯಲು ಇನ್ನೊಂದು ಏಣಿಯಿದೆ, ಅದಕ್ಕೆ ಎಂಟು ಮೆಟ್ಟಿಲು. ಸಾವಿರಕ್ಕೂ ಮೀರಿ ಉಳಿದಿರುವ ಭೇದ ಮೊದಲ ಮೆಟ್ಟಿಲಲ್ಲಿ. 31ರಿಂದ 75 ಉಳಿದಿದ್ದರೆ ಐದನೆಯದು, 4ರಿಂದ 12 ಇದ್ದರೆ ಏಳನೆಯದು, ಮೂರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಂಟನೆಯದು. ಮೂರಕ್ಕಿಂತ ಹೆಚ್ಚು ಸಿಗದ ಭೇದಗಳನ್ನು ಶೆಲ್ಡನ್ ‘ಸಂಗ್ರಹಿಸಲಾಗದವು’ ಎಂದೇ ಬೇರೆ ಪಟ್ಟಿಗೆ ಸೇರಿಸಿದರು. ಹಾಗೆಂದ ಮೇಲೆ ಸುಮ್ಮನಿರುವರೇ? ಹುಡುಕಾಟ ಇನ್ನಷ್ಟು ಬಿರುಸಾಯಿತು. ಕೆಲವು ‘ಸಂಗ್ರಹಿಸಲಾಗದ’ ಭೇದಗಳು ಈಗ ಮೂರಕ್ಕಿಂತ ಹೆಚ್ಚು ಸಿಕ್ಕಿವೆ.

ಹಣಕ್ಕಿಂತ ಕಣ್ಣು ಮುಖ್ಯ

ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲೇ. ವ್ಯಾಪಾರಿಯ ಪೆಟ್ಟಿಗೆಯಲ್ಲಿ ಒಂದೇ ವರ್ಷದ ಹತ್ತಾರು ಸೆಂಟುಗಳು ಬಿದ್ದಿರುತ್ತವೆ, ಎಲ್ಲಕ್ಕೂ ಒಂದೇ ಬೆಲೆ. ಅಂಕಿಗಳ ಅಂತರ, ಎಲೆಯ ತುದಿ ಯಾವ ಅಕ್ಷರದ ಕೆಳಗಿದೆ, ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡವನು ಭೂತಗನ್ನಡಿ ಹಿಡಿದು ಕುಳಿತರೆ, ಸಾಧಾರಣ ಬೆಲೆಗೆ ಅಪರೂಪದ ಭೇದವನ್ನು ಎತ್ತಿಕೊಂಡು ಬರಬಹುದು. ಹಣವಂತನಿಗಿಂತ ಓದಿದವನಿಗೆ ಇಲ್ಲಿ ಮೇಲುಗೈ. 1967ರಲ್ಲಿ ಹುಟ್ಟಿದ ‘ಅರ್ಲಿ ಅಮೆರಿಕನ್ ಕಾಪರ್ಸ್’ ಎಂಬ ಸಂಘದ ಸದಸ್ಯರು ತಮ್ಮ ‘ಪೆನ್ನಿ ವೈಸ್’ ಪತ್ರಿಕೆಯಲ್ಲಿ ಇಂಥ ಶೋಧಗಳನ್ನು ಹಂಚಿಕೊಳ್ಳುತ್ತ ಬಂದಿದ್ದಾರೆ.

ಆದರೂ ಕೊನೆಯ ಕೆಲವು ಭೇದಗಳು ಹಣವಿಲ್ಲದೆ ಸಿಗುವುದಿಲ್ಲ. 1793ರ ಒಂದು ಸೆಂಟಿನಲ್ಲಿ ಇಸವಿಯ ಮೇಲೆ ಸ್ಟ್ರಾಬೆರಿ ಎಲೆಯಂಥ ಚಿಗುರಿದೆ. ಜಗತ್ತಿನಲ್ಲಿ ಅಂಥವು ನಾಲ್ಕೇ. 1795ರ ಒಂದು ಭೇದದ ಅಂಚಿನಲ್ಲಿ ಬರಹದ ಬದಲು ಒತ್ತೊತ್ತಾದ ಗೀರುಗಳಿವೆ. ಸಿಕ್ಕಿರುವುದು ಹತ್ತಕ್ಕಿಂತ ಕಡಿಮೆ, ಎಲ್ಲವೂ ಸವೆದವು. ಅದರಲ್ಲೊಂದು 2009ರ ಹರಾಜಿನಲ್ಲಿ 12 ಲಕ್ಷ 65 ಸಾವಿರ ಡಾಲರ್‌ಗೆ ಹೋಯಿತು. ಒಂದು ಸೆಂಟಿಗೆ!

ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ನಾಣ್ಯವನ್ನು ಉಜ್ಜಿ ತೊಳೆದಿದ್ದಾರೆಯೇ ಎಂಬುದು. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳಿಸುವುದು ಅಚ್ಚುಕಟ್ಟುತನ. ಇಲ್ಲಿ ಅದೇ ಮಹಾಪರಾಧ. ಎರಡು ಶತಮಾನಗಳಲ್ಲಿ ತಾನಾಗಿ ಕಟ್ಟಿದ ಕಂದು ಹೊಳಪೇ ತಾಮ್ರದ ನಾಣ್ಯದ ಆಸ್ತಿ. ಕಿಲುಬು ಹಿಡಿದರೂ ನಷ್ಟ, ತಿಕ್ಕಿದರೂ ನಷ್ಟ.

ಬೇಲಿಯೇ ಹೊಲ ಮೇಯ್ದಾಗ

ಈ ಕಥೆಗೆ ಒಂದು ಕಹಿ ಅಧ್ಯಾಯವೂ ಇದೆ. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ಜಾರ್ಜ್ ಕ್ಲ್ಯಾಪ್ ಎಂಬ ಸಂಗ್ರಹಕಾರ 1946ರಲ್ಲಿ ತಮ್ಮ ಅಪೂರ್ವ ಸೆಂಟುಗಳನ್ನು ದಾನ ಮಾಡಿದ್ದರು. ವಿದ್ವಾಂಸರೆಂಬ ಗೌರವದಿಂದ ಶೆಲ್ಡನ್ ಅವರಿಗೆ ಆ ತಟ್ಟೆಗಳನ್ನು ಧಾರಾಳವಾಗಿ ತೆರೆದು ತೋರಿಸಲಾಯಿತು. ಅವರು ಒಳ್ಳೆಯ ನಾಣ್ಯ ಎತ್ತಿಕೊಂಡು, ಅದೇ ಭೇದದ ಕಳಪೆ ನಾಣ್ಯವನ್ನು ಅಲ್ಲಿ ಇಟ್ಟು ಬಂದಿದ್ದರು. ಲೆಕ್ಕ ಹಾಕಿದರೆ ಸಂಖ್ಯೆ ಸರಿ, ಭೇದವೂ ಸರಿ. ಯಾರಿಗೆ ಅನುಮಾನ ಬರಬೇಕು?

ಶೆಲ್ಡನ್ 1977ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಅಷ್ಟರಲ್ಲಿ ಬೇರೊಬ್ಬರಿಗೆ ಮಾರಾಟವಾಗಿತ್ತು. ಕ್ಲ್ಯಾಪ್ ನಾಣ್ಯಗಳ ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿದಾಗ ಗುಟ್ಟು ರಟ್ಟಾಯಿತು. ಅಚ್ಚು ಒಂದೇ ಆದರೂ ಒಂದೊಂದು ನಾಣ್ಯದ ಮೇಲೂ ಅದರದ್ದೇ ಗೀರು, ತಗ್ಗುಗಳಿರುತ್ತವೆ. ಅವು ಮನುಷ್ಯರ ಬೆರಳಚ್ಚಿದ್ದಂತೆ. 1990ರ ದಶಕದಲ್ಲಿ ಪ್ರಕರಣ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲೇರಿ, ತೀರ್ಪು ಸೊಸೈಟಿಯ ಪರವಾಗಿ ಬಂತು. ಸಣ್ಣ ವ್ಯತ್ಯಾಸಗಳನ್ನು ನೋಡಲು ಒಂದು ತಲೆಮಾರಿಗೆ ಕಲಿಸಿದ ಗುರುವನ್ನು ಆ ಸಣ್ಣ ವ್ಯತ್ಯಾಸಗಳೇ ಹಿಡಿದುಕೊಟ್ಟವು.

ಇದೇ ಕಣ್ಣು ಈಚಿನ ವರ್ಷಗಳಲ್ಲಿ ಖೋಟಾ ನಾಣ್ಯಗಳ ಜಾಲವನ್ನೂ ಬಯಲು ಮಾಡಿದೆ. ಖೋಟಾ ಮಾಡುವವರು ಒಂದು ಅಸಲಿ ಸವಕಲು ನಾಣ್ಯದಿಂದ ಅಚ್ಚು ತೆಗೆದು ಹಲವು ನಕಲಿಗಳನ್ನು ಹೊಡೆಯುತ್ತಾರೆ. ಆಗ ಮೂಲ ನಾಣ್ಯದ ಗೀರುಗಳು ಎಲ್ಲ ನಕಲಿಗಳಲ್ಲೂ ಅದೇ ಜಾಗದಲ್ಲಿ ಮೂಡುತ್ತವೆ. ಇಬ್ಬರು ಮನುಷ್ಯರಿಗೆ ಒಂದೇ ಬೆರಳಚ್ಚು ಇರಲು ಸಾಧ್ಯವೇ? ಸಂಘದ ಸದಸ್ಯರು ಈ ಎಳೆ ಹಿಡಿದೇ ಮೋಸ ಪತ್ತೆ ಮಾಡಿದರು.

ನಮ್ಮ ಕಾಸಿನ ನಂಟು

ಇಷ್ಟು ದೂರದ ನಾಣ್ಯಕ್ಕೂ ನಮಗೂ ಒಂದು ನಂಟಿದೆ. ತಾಮ್ರದ ಬಿಲ್ಲೆಗಳಿಗೆ ಅಮೆರಿಕದ ಟಂಕಸಾಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಸಂಸ್ಥೆಯನ್ನು ನೆಚ್ಚಿಕೊಂಡಿತ್ತು. 1812ರ ಯುದ್ಧದಲ್ಲಿ ಈ ಸರಬರಾಜು ನಿಂತು, 1815ರ ಇಸವಿಯ ಸೆಂಟೇ ಇಲ್ಲದಂತಾಯಿತು. ಅದೇ ಬೋಲ್ಟನ್‌ನ ಉಗಿಯಂತ್ರದ ಟಂಕಸಾಲೆ ಈಸ್ಟ್ ಇಂಡಿಯಾ ಕಂಪೆನಿಗಾಗಿ 1803 ಮತ್ತು 1808ರಲ್ಲಿ ಮದ್ರಾಸ್ ಪ್ರಾಂತಕ್ಕೆ ತಾಮ್ರದ ‘ಕ್ಯಾಶ್’ ನಾಣ್ಯಗಳನ್ನು ಹೊಡೆದುಕೊಟ್ಟಿತು. ಬಳ್ಳಾರಿ, ದಕ್ಷಿಣ ಕನ್ನಡ ಸೀಮೆಗಳು ಆಗ ಆ ಪ್ರಾಂತದಲ್ಲಿದ್ದವು. ಕ್ಯಾಶ್ ಎಂದರೆ ಬೇರೇನಲ್ಲ, ಇಂಗ್ಲಿಷರ ನಾಲಿಗೆಯಲ್ಲಿ ಹೊರಳಿದ ನಮ್ಮ ಕಾಸು. 20 ಕ್ಯಾಶಿನ ನಾಣ್ಯ ಹೆಚ್ಚುಕಡಿಮೆ ದೊಡ್ಡ ಸೆಂಟಿನಷ್ಟೇ ಅಗಲ. ಆದರೆ ಯಂತ್ರದ ಕೆಲಸವಾದ್ದರಿಂದ ಒಂದರಂತೆ ಇನ್ನೊಂದು. ಅಮೆರಿಕದ ಬಡ ಟಂಕಸಾಲೆ ಕೈಕೆಲಸದಲ್ಲಿ ಎಡವಿದ್ದರಿಂದಲೇ ಅದರ ನಾಣ್ಯಗಳಿಗೆ ಇಷ್ಟೊಂದು ಮುಖಗಳು ಬಂದವು.

ತಾಮ್ರ ತುಟ್ಟಿಯಾಗಿ 1857ರಲ್ಲಿ ದೊಡ್ಡ ಸೆಂಟ್ ನಿಂತಿತು, ಬದಲಿಗೆ ಚಿಕ್ಕ ನಾಣ್ಯ ಬಂತು. ಬಾಲ್ಯದಿಂದ ಕೈಯಲ್ಲಿ ಆಡಿದ ನಾಣ್ಯ ಕರಗುವ ಕುಲುಮೆಗೆ ಹೋಗುತ್ತಿದೆ ಎಂದಾಗ ಜನ ಡಬ್ಬಿಗಳನ್ನು ತಡಕಾಡಿ ಒಂದೊಂದು ವರ್ಷದ್ದನ್ನು ಎತ್ತಿಟ್ಟರು. ಅಮೆರಿಕದಲ್ಲಿ ನಾಣ್ಯ ಸಂಗ್ರಹ ಜನರ ಹವ್ಯಾಸವಾದದ್ದು ಆಗಲೇ. ಆ ಚಿಕ್ಕ ಸೆಂಟಿನ ಸರದಿಯೂ ಬಂದಿದೆ. ತಯಾರಿಸುವ ಖರ್ಚು ಅದರ ಬೆಲೆಯನ್ನು ಮೀರಿದ್ದರಿಂದ 2025ರ ನವೆಂಬರ್‌ನಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಸೆಂಟ್ ಹೊಡೆಯಲಾಯಿತು.

ನಮ್ಮ ಮನೆಯ ಹಳೆಯ ಡಬ್ಬಿಗಳಲ್ಲೂ ಕಾಲಾಣೆ, ತೂತುಕಾಸು, ಐದು ಪೈಸೆಗಳು ಬಿದ್ದಿರುತ್ತವೆ. ಗುಜರಿಗೆ ಹಾಕುವ ಮುನ್ನ ಬೆಳಕಿಗೆ ಹಿಡಿದು ಒಮ್ಮೆ ನೋಡಿ. ತಿಕ್ಕಲು ಮಾತ್ರ ಹೋಗಬೇಡಿ.