ಎಕ್ಸ್‌ರೇ ತೆಗೆದ ಮೇಲೆ ಏನು?

ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಹಿಡಿಯಲೆಂದು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಊರೂರಿಗೆ ಎಕ್ಸ್‌ರೇ ಗಾಡಿ ಕಳಿಸಿದರೆ ಸಾವು ತಗ್ಗುತ್ತದೆಯೇ? ತಗ್ಗುವುದಿಲ್ಲ ಎನ್ನುವುದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು: ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿಕೊಂಡವರಲ್ಲೂ ತೆಗೆಸಿಕೊಳ್ಳದವರಲ್ಲೂ ಈ ಕ್ಯಾನ್ಸರಿನಿಂದಾದ ಸಾವು ಹೆಚ್ಚುಕಡಿಮೆ ಒಂದೇ. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನಿನ ಮಾತು ಬೇರೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಬಹಳ ವರ್ಷ ಧೂಮಪಾನ ಮಾಡಿದ್ದ 53,454 ಜನರಲ್ಲಿ ಸಿ.ಟಿ. ಮಾಡಿಸಿದವರ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾದುದನ್ನು ತೋರಿಸಿತು. ಆದರೆ ಅಲ್ಲಿ ‘ಸಂಶಯವಿದೆ’ ಎಂದು ಬಂದ ಪ್ರತಿ 100 ವರದಿಗಳಲ್ಲಿ 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಆ ಸಂಶಯವನ್ನು ಬಗೆಹರಿಸುವ ಕೆಲಸ ಸರಿಯಾಗಿ ನಡೆದದ್ದರಿಂದಲೇ ಜೀವ ಉಳಿದದ್ದು. ಹಾಗಾಗಿ ತಪಾಸಣೆಯ ಬೆಲೆಯನ್ನು ಯಂತ್ರದಿಂದಲ್ಲ, ಯಂತ್ರದ ನಂತರದ ವ್ಯವಸ್ಥೆಯಿಂದ ಅಳೆಯಬೇಕು.

ಈ ಪಾಠ ತುಮಕೂರು ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960-61ರಲ್ಲಿ ಇದೇ ಜಿಲ್ಲೆಯಲ್ಲಿ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯ ಮೂಲಕ ಕ್ಷಯದ ಸಮೀಕ್ಷೆ ನಡೆಸಿತು. ಅದರಲ್ಲಿ ಪತ್ತೆಯಾದವರನ್ನು ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆಗೆಂದು ಆಸ್ಪತ್ರೆಯ ಬಾಗಿಲು ತಟ್ಟಿಯೂ ಇದ್ದರು. ಕೆಮ್ಮೆಂದು ಬಂದವರ ಕಫ ನೋಡುವವರೇ ಇರಲಿಲ್ಲ, ಅಷ್ಟೆ. ದೇಶದ ಕ್ಷಯ ಕಾರ್ಯಕ್ರಮ ಎಕ್ಸ್‌ರೇ ಗಾಡಿಯ ಬದಲು ಸಾಮಾನ್ಯ ಆಸ್ಪತ್ರೆಯ ಕಫ ಪರೀಕ್ಷೆಯನ್ನು ನೆಚ್ಚಿಕೊಳ್ಳಲು ಈ ಅಧ್ಯಯನವೂ ಕಾರಣವಾಯಿತು. ಕಂಗೆಟ್ಟ ರೋಗಿಗೆ ಇಷ್ಟು ಗೌರವ ಕೊಟ್ಟ ಸಂಶೋಧನೆ ಅಪರೂಪ.

ಕ್ಷಯದ ಈ ಪಾಠವನ್ನು ಕ್ಯಾನ್ಸರಿಗೆ ಅನ್ವಯಿಸುವುದಕ್ಕೆ ಬಲವಾದ ಆಕ್ಷೇಪವೊಂದಿದೆ. ಕೆಮ್ಮು ಬಂದ ಮೇಲೂ ಕ್ಷಯ ವಾಸಿಯಾಗುತ್ತದೆ. ಕೆಮ್ಮಿನಲ್ಲಿ ರಕ್ತ ಕಾಣುವ ಹೊತ್ತಿಗೆ ಕ್ಯಾನ್ಸರ್ ಎಷ್ಟೋ ಸಲ ಕೈಮೀರಿರುತ್ತದೆ. ಹಾಗಿದ್ದ ಮೇಲೆ ಲಕ್ಷಣಕ್ಕಾಗಿ ಕಾಯುವುದು ಸರಿಯೇ? ಅಲ್ಲ. ಹಲವು ವರ್ಷ ಬೀಡಿ, ಸಿಗರೇಟು ಸೇದಿದವರಿಗೆ ಸಿ.ಟಿ. ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಕ್ಷಯ ವಾಸಿಯಾಗಿ ಉಳಿದ ಕಲೆ, ಗಂಟುಗಳೂ ಸ್ಕ್ಯಾನಿನಲ್ಲಿ ಕಾಣುತ್ತವೆ. ಅವನ್ನೆಲ್ಲ ಕ್ಯಾನ್ಸರೆಂದು ಶಂಕಿಸಿದರೆ ಆರೋಗ್ಯವಂತರ ಎದೆಗೆ ಬಯಾಪ್ಸಿ ಸೂಜಿ ಚುಚ್ಚಬೇಕಾಗುತ್ತದೆ, ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯದ ಸಮೇತ. ಇದರ ವಿರುದ್ಧದ ತಪ್ಪೂ ನಮ್ಮ ದೇಶದಲ್ಲಿ ನಡೆಯುತ್ತಲೇ ಇದೆ: ಎಕ್ಸ್‌ರೇಯಲ್ಲಿ ಕಂಡ ಕ್ಯಾನ್ಸರ್ ನೆರಳನ್ನು ಕ್ಷಯವೆಂದು ಬಗೆದು, ಕಫದಲ್ಲಿ ರೋಗಾಣು ಸಿಗದಿದ್ದರೂ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸುವುದು. ಹೊಸ ಯಂತ್ರ ಕೊಳ್ಳದೆಯೇ ಉಳಿಸಬಹುದಾದ ತಿಂಗಳುಗಳಿವು.

ಆದ್ದರಿಂದ ಇಲ್ಲಿ ಸಿ.ಟಿ. ತಪಾಸಣೆ ಶುರುವಾಗುವುದಾದರೆ ಕೆಲವು ಷರತ್ತುಗಳ ಮೇಲೆ ಶುರುವಾಗಲಿ. ವಯಸ್ಸು ಮತ್ತು ಸೇದಿದ ಪ್ರಮಾಣ ನೋಡಿ ಅಪಾಯ ಹೆಚ್ಚಿರುವವರನ್ನಷ್ಟೇ ಆರಿಸಬೇಕು. ಒಂದೇ ಚಿತ್ರವನ್ನು ಇಬ್ಬರು ತಜ್ಞರು ಒಬ್ಬರ ವರದಿ ಇನ್ನೊಬ್ಬರಿಗೆ ತಿಳಿಯದಂತೆ ಓದಬೇಕು. ಎದೆಯ ಚಿತ್ರದ ವಿಷಯದಲ್ಲಿ ನುರಿತ ಕಣ್ಣುಗಳೂ ಭಿನ್ನ ತೀರ್ಪು ಕೊಡುತ್ತವೆಂಬುದು ಕ್ಷಯ ಸಮೀಕ್ಷೆಗಳ ಕಾಲದಿಂದಲೂ ತಿಳಿದ ಸಂಗತಿ. ಚಿಕ್ಕ ಗಂಟಿಗೆ ತಕ್ಷಣ ಸೂಜಿ ಬೇಡ, ಕೆಲ ತಿಂಗಳ ಬಳಿಕ ಮತ್ತೊಂದು ಸ್ಕ್ಯಾನ್ ಸಾಕು. ಆ ಎರಡನೆಯ ಸ್ಕ್ಯಾನಿಗೆ ಎಷ್ಟು ಜನ ಮರಳಿ ಬಂದರು, ಕ್ಯಾನ್ಸರ್ ಖಚಿತವಾದ ಪಾವಗಡದ ರೋಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭಿಸಲು ಎಷ್ಟು ದಿನ ಹಿಡಿಯಿತು, ಎಷ್ಟು ಮಂದಿ ಬೀಡಿ ಬಿಟ್ಟರು: ಕಾರ್ಯಕ್ರಮದ ವಾರ್ಷಿಕ ವರದಿಯಲ್ಲಿ ಒಟ್ಟು ಸ್ಕ್ಯಾನುಗಳ ಸಂಖ್ಯೆಗಿಂತ ಮೊದಲು ಬರಬೇಕಾದ ಅಂಕಿಗಳು ಇವು.