ಹೊಸರಿತ್ತಿಯ ಗುರುಕುಲ: ಕಾಯಕವೇ ಪಾಠವಾದ ನೆಲೆ

ಕಾಯಕದ ಮಹಿಮೆಯನ್ನು ವೇದಿಕೆಗಳ ಮೇಲಿನಿಂದ ಕೊಂಡಾಡುವವರು ನಮ್ಮಲ್ಲಿ ಬಹಳ. ಆದರೆ ನೇಗಿಲನ್ನಾಗಲಿ, ಕದಿರನ್ನಾಗಲಿ ಕೈಯಿಂದ ಮುಟ್ಟಿದ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟು ಜನ? ಈ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು ನೋಡತಕ್ಕ ಸ್ಥಳವೊಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿದೆ. ಅದೇ ಗಾಂಧಿ ಗ್ರಾಮೀಣ ಗುರುಕುಲ.

ವರದಾ ನದಿಯ ದಂಡೆಯ ಈ ಗ್ರಾಮ ಸಾಮಾನ್ಯವಾದುದಲ್ಲ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರು 1906ರಲ್ಲಿ ಜನಿಸಿದ ಊರಿದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಸಮೀಪದ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿಯ ಪ್ರಚಾರ ಮಾಡಿದವರು. 1943ರ ಏಪ್ರಿಲ್ 1ರಂದು ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠರೊಡನೆ ಅವರು ಪೊಲೀಸರ ಗುಂಡಿಗೆ ಬಲಿಯಾದದ್ದು ಇದೇ ಹೊಸರಿತ್ತಿಯಲ್ಲಿ.

ಇಂಥ ನೆಲದಲ್ಲಿ 1984ರಲ್ಲಿ ಗುರುಕುಲ ಆರಂಭವಾಯಿತು. ಇಲ್ಲಿಯ ಬಾಲಕರು ಖಾದಿಯನ್ನುಟ್ಟು, ಅಲ್ಲಿಯೇ ವಾಸಿಸಿ, ಪಠ್ಯದೊಡನೆ ಕೃಷಿ, ಹೈನುಗಾರಿಕೆ ಮತ್ತು ನೂಲುವುದನ್ನು ಕಲಿಯುತ್ತಾರೆ. ನೂಲುವುದು ನೋಡಲು ಸುಲಭ. ಬಲಗೈ ಚರಕ ತಿರುಗಿಸುತ್ತಿರಲು ಎಡಗೈ ಹಂಜಿಯಿಂದ ಎಳೆಯನ್ನು ಹದವಾಗಿ ಎಳೆಯಬೇಕು. ಅವಸರಪಟ್ಟರೆ ಎಳೆ ಹರಿಯುತ್ತದೆ. ಆಲಸ್ಯ ಮಾಡಿದರೆ ಗಂಟಾಗುತ್ತದೆ. ಸಾವಿರ ಮೀಟರು ನೂಲು ಸೇರಿದರೆ ಒಂದು ಲಡಿ. ಇಷ್ಟನ್ನು ಸ್ವತಃ ನೂತ ಬಾಲಕನಿಗೆ ತಾನುಡುವ ಅಂಗಿಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಮ್ಮ ಶರಣರ ಹೆಸರುಗಳನ್ನೇ ನೋಡಿರಿ: ಕದಿರ ರೆಮ್ಮವ್ವೆ, ಜೇಡರ ದಾಸಿಮಯ್ಯ, ನುಲಿಯ ಚಂದಯ್ಯ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ನೆಲೆಸಿದ್ದವರೆನ್ನಲಾದ ಅಂಬಿಗರ ಚೌಡಯ್ಯನವರೂ ಹಾಗೆಯೇ. ನೂಲುವುದು, ನೇಯುವುದು, ಹಗ್ಗ ಹೊಸೆಯುವುದು, ದೋಣಿ ನಡೆಸುವುದು ಅವರಿಗೆ ಮರೆಮಾಚುವ ಸಂಗತಿಯಾಗಿರಲಿಲ್ಲ. ಹೆಸರಿನೊಡನೆ ಹೊತ್ತ ಭೂಷಣವಾಗಿತ್ತು. ಅವರ ಭಾವಚಿತ್ರಗಳಿಗೆ ಮಾಲೆ ಹಾಕುವ ನಾವೇ ಒಕ್ಕಲುತನದ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುತ್ತೇವೆ. ಮಗ ಹೊಲಕ್ಕೆ ಹೋದನೆಂದರೆ ಓದು ದಂಡವಾಯಿತೆಂದು ಮರುಗುತ್ತೇವೆ. ಓದು ಬೇರೆ, ದುಡಿಮೆ ಬೇರೆ ಎಂಬ ಈ ಭಾವನೆ ಶರಣರದಲ್ಲ. ಅದನ್ನು ಬಿಡಿಸುವ ಪ್ರಯತ್ನವೇ ಈ ಗುರುಕುಲ.

ಆದ್ದರಿಂದ ಸಹೃದಯ ಓದುಗರಲ್ಲಿ ಒಂದು ವಿನಂತಿ. ಪಾಠಕ್ಕೆ ಅಡ್ಡಿಯಾಗದಂತೆ ಮೊದಲೇ ಅನುಮತಿ ಪಡೆದು ಸಕುಟುಂಬವಾಗಿ ಒಮ್ಮೆ ಹೊಸರಿತ್ತಿಗೆ ಹೋಗಿ ಬನ್ನಿರಿ. ಹುತಾತ್ಮರಿಗೆ ನಮಿಸಿರಿ. ಅವಕಾಶ ದೊರೆತರೆ ಮಕ್ಕಳನ್ನು ಚರಕದ ಮುಂದೆ ಕೂಡಿಸಿರಿ. ಎಳೆ ಹತ್ತು ಸಲ ಹರಿದರೂ ಚಿಂತೆಯಿಲ್ಲ, ಹನ್ನೊಂದನೆಯ ಸಲ ಅವರೇ ಜೋಡಿಸಲಿ.