ಕೌದಿಯ ಸುತ್ತ ಕುಳಿತವರ ಮಾತು

ನಾಲೆಗೆ ನೀರು ಬಿಟ್ಟ ಕೆಲವು ದಿನಗಳಲ್ಲೇ ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಸುತ್ತಿನ ಗದ್ದೆ ಬಯಲಿಗೆ ಕಳೆ ಬರುತ್ತದೆ. ಒಟ್ಲಿನಿಂದ ಕಿತ್ತ ಪೈರಿನ ಕಟ್ಟುಗಳು ಬದುವಿನ ಮೇಲೆ ಬಂದು ಬೀಳುತ್ತವೆ. ಸೀರೆಯ ನೆರಿಗೆ ಎತ್ತಿ ಕಟ್ಟಿದ ಹೆಂಗಸರು ಕೆಸರಿಗಿಳಿದು ಸಾಲು ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಕೈಯಷ್ಟೇ ಬಾಯಿಗೂ ಬಿಡುವಿಲ್ಲ. ಮಗಳ ಪಿಯುಸಿ ಫಲಿತಾಂಶ, ಅತ್ತೆಯ ಮಂಡಿನೋವು, ಡೇರಿಯಲ್ಲಿ ಹಾಲಿನ ಬಟವಾಡೆ, ಸಂಘದ ಸಾಲದ ಕಂತು, ಗಂಡನ ಮನೆಯಿಂದ ಮುನಿಸಿಕೊಂಡು ಬಂದವಳ ಸಂಗತಿ, ಎಲ್ಲವೂ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಹೋಗುವಷ್ಟರಲ್ಲಿ ಚರ್ಚೆಗೆ ಬಂದಿರುತ್ತವೆ. ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು ಎಂಬ ಮುಯ್ಯಾಳಿನ ಪದ್ಧತಿ ಹಣ ಕೊಡದೆ ಕೆಲಸ ಮಾಡಿಸಿಕೊಳ್ಳುವ ಉಪಾಯ ಮಾತ್ರವಾಗಿರಲಿಲ್ಲ. ಒಬ್ಬರ ಕಷ್ಟ ಇನ್ನೊಬ್ಬರ ಕಿವಿಗೆ ಬೀಳುವ ಏರ್ಪಾಡೂ ಅದೇ ಆಗಿತ್ತು.

ಅರಳಿಕಟ್ಟೆಯ ಮೇಲೆ ನಾಲ್ವರು ಗಂಡಸರು ಕುಳಿತು ಆಡಿದ ಮಾತಿಗೆ ಲೋಕಾಭಿಪ್ರಾಯವೆಂಬ ಹೆಸರಿದೆ. ಹೆಂಗಸರು ಆಡಿದ ಮಾತಿಗೆ ಹರಟೆ ಎಂಬ ಹೆಸರು. ಪತ್ರಿಕೆಗಳೂ ಈ ಪಕ್ಷಪಾತದಿಂದ ಪೂರ್ತಿ ಹೊರತಾಗಿಲ್ಲವೆನ್ನಿ. ಆದರೆ ಕೆಲಸದ ನಡುವೆ ಗೆಳತಿಯರು ಆಡುವ ಇಂಥ ಮಾತು ಎಷ್ಟು ಭಾರ ಹೊರಬಲ್ಲದು ಎಂಬುದನ್ನು ತಿಳಿಯಲು ರಾಜ್ಯದೊಳಗೇ ಒಂದು ನಿದರ್ಶನವಿದೆ. ಅದಕ್ಕೆ ಕಾವೇರಿ ಬಯಲಿನಿಂದ ಉತ್ತರ ಕನ್ನಡದ ಕಾಡಿಗೆ ಹೋಗಬೇಕು. ಅಲ್ಲಿ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಅಂಗಳದಲ್ಲಿ ಕೌದಿ ಹರಡಿಕೊಂಡು ಕುಳಿತಿರುತ್ತಾರೆ.

ಸಿದ್ದಿಗಳ ಹಿರಿಯರು ಈ ನೆಲಕ್ಕೆ ತಾವಾಗಿ ಬಂದವರು ಕಡಿಮೆ. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಕಾಡುಗಳಲ್ಲಿ ನೆಲೆ ನಿಂತರು. ದಖ್ಖನ್ನಿನ ಸುಲ್ತಾನರ ಆಸ್ಥಾನಗಳಿಗೆ ಬಂದ ಹಬಶಿಗಳ ಕಥೆ ಸ್ವಲ್ಪ ಬೇರೆ. ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು 1626ರಲ್ಲಿ ಸಾಯುವವರೆಗೆ ಮೊಗಲರನ್ನು ಕಾಡಿದ. ಬಿಜಾಪುರದಲ್ಲಿ ಇಖ್ಲಾಸ್ ಖಾನ್ ಮಂತ್ರಿ ಪದವಿಗೇರಿದ. ಇವರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಕಾಡು ಸೇರಿದವರ ಹೆಂಡಿರು ಮಕ್ಕಳ ಹೆಸರುಗಳು ಯಾವ ದಫ್ತರಿನಲ್ಲೂ ಇಲ್ಲ.

ಇಂದು ರಾಜ್ಯದಲ್ಲಿ ಸಿದ್ದಿಗಳ ಸಂಖ್ಯೆ ಸುಮಾರು 10,000 ಎನ್ನಬಹುದು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮನೆಮಾತು ಬಹುಮಟ್ಟಿಗೆ ಕೊಂಕಣಿ. ಹೊರಗೆ ಕನ್ನಡ, ಕೆಲವೆಡೆ ಮರಾಠಿ, ಉರ್ದು. ಕಾಡಿನ ಕಿರುಉತ್ಪನ್ನ ಸಂಗ್ರಹ, ಅಡಿಕೆ ತೋಟದ ಕೂಲಿ, ತುಂಡು ಜಮೀನಿನ ಬೇಸಾಯ ಇವು ಹಳೆಯ ಕಸುಬುಗಳು. ದಮಾಮಿ ಚರ್ಮವಾದ್ಯದ ಕುಣಿತ ಹಾಗೂ ಹೆಂಗಸರ ಪುಗಡಿ ಮೂರೂ ಧರ್ಮದವರನ್ನು ಒಂದೇ ಅಂಗಳಕ್ಕೆ ತರುತ್ತವೆ. ಕೌದಿಯೂ ಅಷ್ಟೇ.

ಕೌದಿ ಎಂದರೆ ಏನೆಂದು ಕನ್ನಡ ನಾಡಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಿದ್ದಿ ಕೌದಿಯ ಕಟ್ಟೋಣವೇ ಬೇರೆ. ಅಡಿಗೆ ಒಂದು ಹಳೆಯ ನೂಲಿನ ಸೀರೆ. ಅದರ ಮೇಲೆ ಮಾಸಿದ ಅಂಗಿ, ಲಂಗ, ಶಾಲೆಯ ಸಮವಸ್ತ್ರಗಳಿಂದ ಹರಿದುಕೊಂಡ ತುಂಡುಗಳು. ಹೊಲಿಗೆ ಮೂಲೆಯಿಂದ ಆರಂಭವಾಗಿ ಅಂಚಿನುದ್ದಕ್ಕೂ ಸಾಗಿ, ಸುತ್ತು ಸುತ್ತಾಗಿ ಒಳಗೆ ಬಂದು, ಕೊನೆಗೆ ನಡುವಿನಲ್ಲಿ ಮುಗಿಯುತ್ತದೆ. ಮೊದಲೇ ಬರೆದುಕೊಂಡ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡು ನೋಡಿ ಮುಂದಿನ ಬಣ್ಣ ನಿರ್ಧಾರವಾಗುತ್ತದೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಅರ್ಧಚಂದ್ರ ಕಾಣಬಹುದು. ನಾಲ್ಕು ಮೂಲೆಗಳಿಗೆ ಮಡಿಸಿದ ತ್ರಿಕೋನ ತುಂಡುಗಳನ್ನು ಕೂಡಿಸಿದರೆ ಅದು ‘ಫೂಲ’, ಅಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಎಣಿಕೆ. ನಾಲ್ಕು ಹೊಲಿಗೆ ಹೆಚ್ಚು ಹಾಕುವ ಈ ಶ್ರಮದಿಂದ ಕೌದಿ ಹೆಚ್ಚು ಬೆಚ್ಚಗಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

ದೊಡ್ಡ ಕೌದಿ ಒಬ್ಬಳಿಂದ ಬೇಗ ಮುಗಿಯುವ ಕೆಲಸವಲ್ಲ. ಪಕ್ಕದ ಮನೆಯವಳು ಬಂದು ಇನ್ನೊಂದು ಅಂಚಿಗೆ ಕೂರುತ್ತಾಳೆ. ಕಣ್ಣು ಸೂಜಿಯ ಮೇಲಿರುವುದರಿಂದ ಎದುರಿನವರ ಮುಖ ನೋಡದೆ ಮಾತಾಡುವ ಅನುಕೂಲವೂ ಉಂಟು. ಹೇಳಲು ಸಂಕೋಚವಾಗುವ ಸಂಗತಿ ಇಂಥ ಹೊತ್ತಿನಲ್ಲಿ ಸಲೀಸಾಗಿ ಹೊರಬರುತ್ತದೆ. ಗೋವಾಕ್ಕೆ ಮನೆಗೆಲಸಕ್ಕೋ ಕಟ್ಟಡದ ಕೆಲಸಕ್ಕೋ ಹೋದವರ ಸುದ್ದಿ, ಅತಿಕ್ರಮಣ ಜಮೀನಿನ ಹಕ್ಕುಪತ್ರದ ಅಲೆದಾಟ, ಹಾಸ್ಟೆಲಿನಲ್ಲಿರುವ ಮಕ್ಕಳ ಓದು, ಇವುಗಳ ಜೊತೆಗೆ ಕೊತ್ತತ್ತಿಯ ಗದ್ದೆಯಲ್ಲಿ ಕೇಳಿಬರದ ಒಂದು ವಿಷಯವೂ ಇಲ್ಲಿದೆ. ಪೇಟೆಗೆ ಹೋದ ಸಿದ್ದಿ ಹುಡುಗಿಯನ್ನು ಜನ ಮೊದಲು ಕೇಳುವುದು ‘ನಿಮ್ಮದು ಯಾವ ದೇಶ?’ ಎಂದು. ಆಕೆ ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೂ ಅನುಮಾನ ಹೋಗುವುದಿಲ್ಲ. ಶತಮಾನಗಳಿಂದ ಇಲ್ಲೇ ಇದ್ದವರಿಗೆ ಗುಂಗುರು ಕೂದಲು, ಮೈಬಣ್ಣಗಳ ಕಾರಣದಿಂದ ಎದುರಾಗುವ ಈ ಪ್ರಶ್ನೆಗೆ ಏನು ಹೇಳಬೇಕು, ಯಾವಾಗ ನಕ್ಕು ಸುಮ್ಮನಾಗಬೇಕು ಎಂಬುದನ್ನು ಶಾಲೆಯ ಪಠ್ಯ ಕಲಿಸುವುದಿಲ್ಲ. ಅದನ್ನು ಅಕ್ಕಂದಿರು, ಚಿಕ್ಕಮ್ಮಂದಿರು ಹೇಳಿಕೊಡಬೇಕು.

ಹೊರಗಿನ ಜಗತ್ತು ಸಿದ್ದಿಗಳನ್ನು ಆಗಾಗ ಕಂಡುಹಿಡಿದು ಮತ್ತೆ ಮರೆತದ್ದುಂಟು. 1980ರ ದಶಕದಲ್ಲಿ ನೀನಾಸಂ ಬಳಗ ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಸಿದ್ದಿಗಳಿಂದಲೇ ಆಡಿಸಿತು. ಅದೇ ದಾರಿಯಲ್ಲಿ ಮುಂದೆ ಗಿರಿಜಾ ಸಿದ್ದಿಯಂಥ ಕಲಾವಿದೆಯರು ರಂಗಭೂಮಿಗೆ ಬಂದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿ ಕೊಡತೊಡಗಿತು. ಹರ್ಡಲ್ಸ್‌ನಲ್ಲಿ ಹೆಸರು ಮಾಡಿದ ಕಮಲಾ ಸಿದ್ದಿ ಆ ಯೋಜನೆಯಿಂದ ಬಂದವರು. ಕೆಲವೇ ವರ್ಷಗಳಲ್ಲಿ ಯೋಜನೆಯೇ ನಿಂತುಹೋಯಿತು. ಓಡಲು ಕಲಿತ ಮಕ್ಕಳು ಊರಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಸಮುದಾಯದ ಒಬ್ಬರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಗುಜರಾತಿನ ಜಂಬೂರಿನಲ್ಲಿ ಸಿದ್ದಿ ಹೆಂಗಸರ ಗುಂಪುಗಳನ್ನು ಕಟ್ಟಿದ ಹೀರಾಬಾಯಿ ಲೋಬಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಕೌದಿಗೂ ಇಂಥದೊಂದು ಗಳಿಗೆ ಬಂತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಸಿದ್ದಿ ಕೇರಿಗಳಲ್ಲಿ ಕೌದಿಗಳನ್ನು ಕಂಡು ಬೆರಗಾದರು. ಅವರ ಒತ್ತಾಸೆಯಿಂದ 2004ರ ಸುಮಾರಿಗೆ ಹೊಲಿಯುವ ಹೆಂಗಸರ ಒಂದು ಸಹಕಾರಿ ಗುಂಪು ಹುಟ್ಟಿಕೊಂಡಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಷೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ಹಾರ್ಲೆಮ್ ಎಂದರೆ ಅಮೆರಿಕದ ಕಪ್ಪು ಜನರ ಸಾಂಸ್ಕೃತಿಕ ರಾಜಧಾನಿ. ಒಂದೇ ಖಂಡದಿಂದ ಎರಡು ದಿಕ್ಕಿಗೆ ಹಡಗು ಹತ್ತಿಸಲ್ಪಟ್ಟವರ ಮೊಮ್ಮಕ್ಕಳು ಸಂಧಿಸಿದ್ದು ಹಳೆಯ ಬಟ್ಟೆಯ ಮುಂದೆ.

ಆ ಕಡೆಯವರಿಗೆ ಕೌದಿ ಅಪರಿಚಿತವೇನಲ್ಲ. ಅಲಬಾಮಾದ ಜೀಸ್ ಬೆಂಡ್ ಎಂಬ ಕಪ್ಪು ಜನರ ಊರಿನ ಹೆಂಗಸರು ಹೊಲಿದ ಕೌದಿಗಳು 2002ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳನ್ನು ಹೊಕ್ಕವು, 2006ರಲ್ಲಿ ಅಮೆರಿಕದ ಅಂಚೆಚೀಟಿಯಲ್ಲೂ ಮೂಡಿದವು. ಗೆಳತಿಯರ ಮಾತಿಗೂ ಅಲ್ಲೊಂದು ಚರಿತ್ರೆಯಿದೆ. 1977ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಕವಯಿತ್ರಿ ಜೂನ್ ಜೋರ್ಡನ್ ಮನೆಯಲ್ಲಿ ಕೆಲವು ಕಪ್ಪು ಲೇಖಕಿಯರು ಸೇರಿದರು. ತಮ್ಮ ಕೂಟಕ್ಕೆ ‘ಸಿಸ್ಟರ್‌ಹುಡ್’ ಎಂದು ಹೆಸರಿಟ್ಟುಕೊಂಡರು. ಅಲ್ಲಿ ಟೋನಿ ಮಾರಿಸನ್ ಇದ್ದರು, ಆಲಿಸ್ ವಾಕರ್ ಇದ್ದರು. ಸುಮಾರು ಎರಡು ವರ್ಷ ಊಟ ಹಂಚಿಕೊಳ್ಳುತ್ತ, ಯಾರ ಪುಸ್ತಕ ಅಚ್ಚಾಗುತ್ತಿಲ್ಲ, ಏಕೆ ಆಗುತ್ತಿಲ್ಲ ಎಂದು ಮಾತಾಡಿದರು. ಆಗ ಮಾರಿಸನ್ ಪ್ರಕಾಶನ ಸಂಸ್ಥೆಯೊಂದರಲ್ಲಿ, ವಾಕರ್ ಪತ್ರಿಕೆಯೊಂದರಲ್ಲಿ ಸಂಪಾದಕಿಯರು. ಮುಂದೆ ವಾಕರ್‌ಗೆ 1983ರಲ್ಲಿ ಪುಲಿಟ್ಜರ್, ಮಾರಿಸನ್‌ಗೆ 1993ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಇದೇ ವಾಕರ್ 1973ರಲ್ಲಿ ಕೌದಿಯ ಮೇಲೆಯೇ ‘ಎವ್ರಿಡೇ ಯೂಸ್’ ಎಂಬ ಕಥೆ ಬರೆದರು. ಪಟ್ಟಣದಲ್ಲಿ ಓದಿಬಂದ ಮಗಳು ಅಜ್ಜಿಯ ಕಾಲದ ಕೌದಿಗಳನ್ನು ಗೋಡೆಗೆ ತೂಗುಹಾಕಲು ಕೇಳುತ್ತಾಳೆ. ಹಳ್ಳಿಯಲ್ಲೇ ಉಳಿದ ತಂಗಿ ಅವನ್ನು ಹೊದ್ದು ಸವೆಸಿಬಿಡುತ್ತಾಳೆ ಎಂಬುದು ಆಕೆಯ ಆಕ್ಷೇಪ. ತಾಯಿ ಕೌದಿಗಳನ್ನು ಕಿತ್ತು ಕೊಡುವುದು ತಂಗಿಗೆ, ಯಾಕೆಂದರೆ ಕೌದಿ ಹೊಲಿಯುವುದು ಗೊತ್ತಿರುವವಳು ಅವಳೇ.

ಸಿದ್ದಿ ಅಂಗಳದಲ್ಲೂ ಈಗ ಈ ಜಗ್ಗಾಟವಿದೆ. ಮಾರಾಟದ ಕೌದಿಗೆ ಅಳತೆ ಬೇಕು, ಬಣ್ಣ ಹೊಂದಬೇಕು, ವಾಯಿದೆಗೆ ಮುಗಿಯಬೇಕು. ಕೈಗೆ ನಾಲ್ಕು ಕಾಸು ಬಂದಾಗ ಮನೆಯಲ್ಲಿ ಹೆಂಗಸಿನ ಮಾತಿಗೆ ತೂಕ ಬರುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಕೂಲಿಗೆ ಗೋವಾಕ್ಕೆ ಹೋಗುವ ಬದಲು ಮನೆಯಲ್ಲೇ ಕುಳಿತು ದುಡಿಯುವುದು ಸಣ್ಣ ಲಾಭವೇನಲ್ಲ. ಆದರೆ ಲೆಕ್ಕದ ಹೊಲಿಗೆಯಲ್ಲಿ ಹರಟೆಗೆ ಸಿಗುವ ಬಿಡುವು ಕಡಿಮೆ.

ಕೊತ್ತತ್ತಿ ಕಡೆಯ ಹೆಂಗಸರಿಗೂ ಇದು ಅರ್ಥವಾಗದ ಮಾತಲ್ಲ. ಜಿಲ್ಲೆಯ ಗದ್ದೆಗಳಿಗೆ ನಾಟಿ ಯಂತ್ರ ಇಳಿದಿದೆ. ಯಂತ್ರವಿಲ್ಲದ ಕಡೆ ಎಕರೆಗಿಷ್ಟೆಂದು ಗುತ್ತಿಗೆ ಹಿಡಿದವರ ಗುಂಪು ಬಂದು ಹೋಗುತ್ತದೆ. ಬಗ್ಗಿದ ಸೊಂಟಕ್ಕೆ ಬಿಡುಗಡೆ ಸಿಕ್ಕಿತೆಂದು ಸಂತೋಷಪಡುವವರು ಬಹಳ, ಅದು ನ್ಯಾಯವೂ ಹೌದು. 2000ದಲ್ಲಿ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಗುಂಪುಗಳು ಹೆಂಗಸರನ್ನು ವಾರಕ್ಕೊಮ್ಮೆ ಒಂದೆಡೆ ಕೂರಿಸುತ್ತವೆ. ಅಲ್ಲಿ ಹಾಜರಿ ಪುಸ್ತಕವಿದೆ, ನಡಾವಳಿ ಪುಸ್ತಕವಿದೆ, ಉಳಿತಾಯದ ಲೆಕ್ಕವಿದೆ. ಗಂಡನ ಮನೆಯಿಂದ ಮುನಿಸಿಕೊಂಡು ಬಂದವಳ ಸಂಗತಿ ನಡಾವಳಿಗೆ ಬರುವುದಿಲ್ಲ. ಸಭೆ ಮುಗಿದು ಪುಸ್ತಕ ಮುಚ್ಚಿದ ಮೇಲೆ, ಚಪ್ಪಲಿ ಹುಡುಕುತ್ತ ಹೊಸ್ತಿಲ ಬಳಿ ನಿಂತಾಗ ಆ ಮಾತು ಶುರುವಾಗುತ್ತದೆ.